ಲಾ ಕಾಲೇಜಿಗೆ ಸೇರಿ ತಲೆ ಕೆಟ್ಟಿದೆಯಾ? ಮೊದಲ ಸೆಮಿಸ್ಟರ್ ದಾಟುವುದು ಹೀಗೆ

ಕಾಲೇಜು ಶುರುವಾಗಿ ಮೂರು ವಾರ ಆಗಿರುತ್ತದೆ. ಕೈಯಲ್ಲಿ ಕಾಂಟ್ರ್ಯಾಕ್ಟ್ ಆ್ಯಕ್ಟ್ ಇರುತ್ತದೆ. ಒಂದು ಸೆಕ್ಷನ್ ಓದುತ್ತೀರಿ, ವಾಕ್ಯ ಮುಗಿಯುವುದೇ ಇಲ್ಲ, ಮುಗಿಯುವ ಹೊತ್ತಿಗೆ ಶುರು ಏನಿತ್ತು ಅನ್ನುವುದೇ ಮರೆತಿರುತ್ತದೆ. ಪಕ್ಕದಲ್ಲಿ ಕೂತವರು ತಲೆಯಾಡಿಸುತ್ತಿರುತ್ತಾರೆ. ರಾತ್ರಿ ಹಾಸ್ಟೆಲ್‌ನಲ್ಲಿ ಮಲಗಿದಾಗ "ಇದು ನನ್ನಿಂದ ಆಗಲ್ಲ, ಬಿಎಡ್ಡೇ ಮಾಡಬೇಕಿತ್ತು" ಅನ್ನಿಸುತ್ತದೆ.

ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ, ಊರ ಹತ್ತಿರದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದವರು, ಅಥವಾ ಪಿಯುಸಿ ಆದ ತಕ್ಷಣ ಐದು ವರ್ಷದ ಕೋರ್ಸಿಗೆ ಬಂದವರು, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಬರುವ ಯಾವುದೋ ಒಂದು ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರುವವರು. ನಾನೂ ಹಾಗೇ ಕೂತಿದ್ದವಳು. ಈಗ ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ.

ಆಗ ನನಗೆ ಯಾರೂ ಹೇಳದಿದ್ದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಕೆಲವು ತಿಂಗಳ ಸುಸ್ತು ಕಾನೂನು ಕಷ್ಟ ಅನ್ನುವ ಕಾರಣಕ್ಕೆ ಬರುವುದು ಕಡಿಮೆ. ಭಾಷೆಯಿಂದ ಬರುತ್ತದೆ. ಅರ್ಥವಾಗದೇ ಇದ್ದರೂ ಅರ್ಥವಾದ ಹಾಗೆ ದಿನವಿಡೀ ಕೂತಿರಬೇಕಲ್ಲ, ಅದರಿಂದ ಬರುತ್ತದೆ. ಈ ಎರಡನ್ನು ಹಿಡಿದುಕೊಂಡರೆ ಉಳಿದದ್ದು ನಿಧಾನಕ್ಕೆ ಸರಿಹೋಗುತ್ತದೆ.

ಮೊದಲು ಭಾಷೆ

ನಮ್ಮ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಅಚ್ಚಾಗಿರುತ್ತದೆ. ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಬರೆಯಬಹುದು, ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬಹುದು. ಒಂದೇ ಪತ್ರಿಕೆಯಲ್ಲಿ ಅರ್ಧ ಅದು, ಅರ್ಧ ಇದು ಮಾಡುವ ಹಾಗಿಲ್ಲ. ಇದು ಗೊತ್ತಿದ್ದೂ ತುಂಬಾ ಜನ ಪರೀಕ್ಷೆಗೆ ಹದಿನೈದು ದಿನ ಇರುವವರೆಗೂ ಯಾವ ಭಾಷೆ ಅಂತ ತೀರ್ಮಾನ ಮಾಡಿರುವುದಿಲ್ಲ. ಆ ತೂಗಾಟವೇ ಅರ್ಧ ಜೀವ ತಿನ್ನುತ್ತದೆ. ಮೊದಲ ತಿಂಗಳಲ್ಲೇ ತೀರ್ಮಾನ ಮಾಡಿ. ಕನ್ನಡದಲ್ಲಿ ಬರೆಯುತ್ತೇನೆ ಅಂದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಾನು ಮೊದಲ ವರ್ಷ ಪೂರ್ತಿ ಕನ್ನಡದಲ್ಲೇ ಬರೆದೆ.

ಆದರೆ ಓದುವುದನ್ನು ಎರಡೂ ಭಾಷೆಯಲ್ಲಿ ಮಾಡಿ. ಯಾಕೆಂದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ಭಾಷೆ ಇಂಗ್ಲಿಷ್. ತೀರ್ಪುಗಳು ಅದರಲ್ಲೇ ಬರುತ್ತವೆ, ಇವತ್ತಲ್ಲ ನಾಳೆ ಓದಲೇಬೇಕು. ಕೆಳಗಿನ ಕೋರ್ಟುಗಳಲ್ಲಿ ಮಾತ್ರ ಚಿತ್ರ ಬೇರೆ. ಅಲ್ಲಿ ಕಕ್ಷಿದಾರರು ತಮ್ಮ ಕಷ್ಟ ಹೇಳಿಕೊಳ್ಳುವುದು ಕನ್ನಡದಲ್ಲಿ, ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ಒಬ್ಬ ರೈತನ ಬಾಯಿಂದ ಬದುವಿನ ಜಗಳದ ಪೂರ್ತಿ ಕಥೆ ತೆಗೆಯಲು ಬರುವುದು ಸಣ್ಣ ವಿದ್ಯೆ ಅಲ್ಲ. ಅದು ನಿಮ್ಮ ಹತ್ತಿರ ಆಗಲೇ ಇದೆ.

ಒಂದು ನೋಟ್‌ಬುಕ್ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಇಂಗ್ಲಿಷ್ ಪದವನ್ನು ಇಂಗ್ಲಿಷಿನಲ್ಲೇ, ಬಲಕ್ಕೆ ಅದರ ಕನ್ನಡ ಪದ, ಕೆಳಗೆ ನಿಮ್ಮ ಮಾತಿನಲ್ಲಿ ಒಂದು ಸಾಲು. ಪ್ಲೇಂಟಿಫ್ ಅಂದರೆ ವಾದಿ, ಡಿಫೆಂಡೆಂಟ್ ಅಂದರೆ ಪ್ರತಿವಾದಿ, ಕನ್ಸಿಡರೇಶನ್ ಅಂದರೆ ಪ್ರತಿಫಲ. ದಿನಕ್ಕೆ ಐದು ಪದ ಸಾಕು. ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ಕನ್ನಡಕ್ಕೆ ಅನುವಾದವಾದ ಕಾಯ್ದೆಗಳಲ್ಲಿ ಸೆಕ್ಷನ್‌ಗೆ "ಪ್ರಕರಣ" ಅಂತ ಬರೆದಿರುತ್ತಾರೆ, ಕೇಸಿಗೂ ನಾವು "ಪ್ರಕರಣ" ಅನ್ನುತ್ತೇವೆ, ಪೊಲೀಸರು ಎಫ್‌ಐಆರ್‌ನಲ್ಲಿ ಅದೇ ಸೆಕ್ಷನ್‌ಗೆ "ಕಲಂ" ಅನ್ನುತ್ತಾರೆ. ನಾನು ಎಷ್ಟೋ ದಿನ ಇವು ಬೇರೆ ಬೇರೆ ಅಂದುಕೊಂಡಿದ್ದೆ. ನಿಮ್ಮ ನೋಟ್ಸಿನಲ್ಲಿ ಸುಮ್ನೆ "ಸೆಕ್ಷನ್" ಅಂತಲೇ ಬರೆದುಕೊಳ್ಳಿ, ತಲೆನೋವು ತಪ್ಪುತ್ತದೆ.

ಒಂದು ಸೆಕ್ಷನ್ ಓದುವ ಬಗೆ

ಇಡೀ ಅಧ್ಯಾಯ ಓದಲು ಕೂರಬೇಡಿ. ದಿನಕ್ಕೆ ಒಂದೇ ಸೆಕ್ಷನ್, ಇಪ್ಪತ್ತು ನಿಮಿಷ. ಗೈಡ್ ಬೇಡ, ಬೇರ್ ಆ್ಯಕ್ಟ್ ಬೇಕು, ಅಂದರೆ ವಿವರಣೆ ಇಲ್ಲದ ಕಾಯ್ದೆಯ ಮೂಲ ಪಠ್ಯ. ದುಡ್ಡಿಲ್ಲದಿದ್ದರೆ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆಗಳೆಲ್ಲ ಉಚಿತವಾಗಿ ಸಿಗುತ್ತವೆ.

1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 2(ಡಿ) ಸೆಕ್ಷನ್ ನೋಡೋಣ. ಮೊದಲ ವರ್ಷದವರನ್ನು ಜಾಸ್ತಿ ಹೆದರಿಸುವುದು ಇದೇ. ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಿದೆ: ಮಾತು ಕೊಡುವವನ ಇಚ್ಛೆಯಂತೆ, ಮಾತು ಪಡೆದವನಾಗಲಿ ಬೇರೆ ಯಾರೇ ಆಗಲಿ, ಏನನ್ನಾದರೂ ಮಾಡಿದ್ದರೆ ಅಥವಾ ಮಾಡದೆ ಬಿಟ್ಟಿದ್ದರೆ, ಮಾಡುತ್ತಿದ್ದರೆ ಅಥವಾ ಮಾಡದೆ ಬಿಡುತ್ತಿದ್ದರೆ, ಮಾಡುತ್ತೇನೆ ಅಥವಾ ಮಾಡದೆ ಬಿಡುತ್ತೇನೆ ಎಂದು ಮಾತು ಕೊಟ್ಟರೆ, ಅದು ಆ ಮಾತಿಗೆ ಪ್ರತಿಫಲ.

ಒಂದೇ ಉಸಿರಿಗೆ ಓದಿದರೆ ತಲೆ ತಿರುಗುತ್ತದೆ. ಪೆನ್ಸಿಲ್ ಹಿಡಿದು ತುಂಡು ಮಾಡಿ. ಯಾರು ಕೇಳಿದ್ದು? ಯಾರು ಮಾಡಿದ್ದು? ಯಾವಾಗ? ಮಾಡಿದ್ದೋ, ಮಾಡದೆ ಬಿಟ್ಟಿದ್ದೋ? ಆಮೇಲೆ ನಿಮ್ಮ ಊರಿನ ಒಂದು ವ್ಯವಹಾರವನ್ನು ಅದರೊಳಗೆ ಇಟ್ಟು ನೋಡಿ.

ನೀವು ಟ್ರ್ಯಾಕ್ಟರ್ ಇರುವ ಪಕ್ಕದ ಹೊಲದವರನ್ನು ಕರೆದು "ನಮ್ಮ ಹೊಲ ಉತ್ತುಕೊಡಿ, ಎಕರೆಗೆ ಇಷ್ಟು ಕೊಡ್ತೀನಿ" ಅಂದಿರಿ. ಅವರು ಉತ್ತರು. ದುಡ್ಡು ಕೊಡುವ ಮಾತು ನಿಮ್ಮದು, ಕೇಳಿದ್ದೂ ನೀವೇ, ಆದ್ದರಿಂದ ಉತ್ತಿದ್ದು ಆ ಮಾತಿಗೆ ಪ್ರತಿಫಲ. ಈಗ ಸ್ವಲ್ಪ ಬದಲಾಯಿಸಿ. ನೀವು ಊರಲ್ಲೇ ಇರಲಿಲ್ಲ, ಯಾರೂ ಕೇಳಲಿಲ್ಲ, ಅವರೇ ಉತ್ತು ಬಂದು ದುಡ್ಡು ಕೇಳಿದರು. "ಇಚ್ಛೆಯಂತೆ" ಅನ್ನುವ ಒಂದು ಪದ ಅಲ್ಲಿ ಅಡ್ಡ ನಿಲ್ಲುತ್ತದೆ. (ಅಂಥವರಿಗೆ 70ನೇ ಸೆಕ್ಷನ್‌ನಲ್ಲಿ ಬೇರೆ ದಾರಿ ಇರಬಹುದು, ಅದು ಆಮೇಲೆ ಬರುತ್ತದೆ, ಈಗ ಅದಕ್ಕೆ ಕೈ ಹಾಕಬೇಡಿ.) "ಮಾಡದೆ ಬಿಡುವುದು" ಅನ್ನುವ ಭಾಗ ನೋಡಿ: ನಾನು ಕೇಸು ಹಾಕುವುದಿಲ್ಲ, ನೀನು ಇಷ್ಟು ಕೊಡು ಅಂದರೆ, ಕೇಸು ಹಾಕದೆ ಸುಮ್ಮನಿರುವುದೂ ಪ್ರತಿಫಲವೇ.

ಇನ್ನು "ಬೇರೆ ಯಾರೇ ಆಗಲಿ" ಅನ್ನುವ ಸಣ್ಣ ಮಾತು. ಇದನ್ನು ಹಿಡಿದೇ 1882ರಲ್ಲಿ ಮದ್ರಾಸ್ ಹೈಕೋರ್ಟ್ ಚಿನ್ನಯ್ಯ ಮತ್ತು ರಾಮಯ್ಯ ಅನ್ನುವ ಕೇಸು ತೀರ್ಮಾನಿಸಿತು. ತಾಯಿ ಮಗಳಿಗೆ ಆಸ್ತಿ ದಾನ ಕೊಟ್ಟಳು, ತನ್ನ ತಂಗಿಗೆ ವರ್ಷ ವರ್ಷ ಇಷ್ಟು ಹಣ ಕೊಡಬೇಕು ಅಂದಳು. ಮಗಳು ಚಿಕ್ಕಮ್ಮನಿಗೆ ಹಾಗೇ ಬರೆದುಕೊಟ್ಟಳು. ಆಮೇಲೆ ಕೊಡಲಿಲ್ಲ. "ಚಿಕ್ಕಮ್ಮ ನನಗೇನೂ ಕೊಟ್ಟಿಲ್ಲವಲ್ಲ" ಅನ್ನುವುದು ಮಗಳ ವಾದ. ಪ್ರತಿಫಲ ತಾಯಿಯ ಕಡೆಯಿಂದ ಬಂದಿದೆ, ಅದು ಸಾಕು ಅಂದಿತು ಕೋರ್ಟು. ಇಂಥ ಕಥೆ ನಮ್ಮ ಮನೆಗಳಲ್ಲಿ ಎಷ್ಟಿಲ್ಲ ಹೇಳಿ? ಕಾನೂನಿನ ಆ ಉದ್ದದ ವಾಕ್ಯದ ಒಳಗೆ ನಮ್ಮ ಅಮ್ಮ, ಚಿಕ್ಕಮ್ಮ, ಪಕ್ಕದ ಹೊಲದವರು ಎಲ್ಲ ಇದ್ದಾರೆ ಅಂತ ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು. ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೇಸುಗಳನ್ನು ಕಥೆಯ ಹಾಗೆ ಓದಿ

ಪ್ರತಿ ಕೇಸಿಗೂ ನಾಲ್ಕು ಸಾಲು ಬರೆಯಿರಿ, ಅರ್ಧ ಪುಟ ದಾಟಬಾರದು. ಏನಾಯಿತು, ಜಗಳ ಯಾವುದರ ಬಗ್ಗೆ, ಕೋರ್ಟ್ ಏನು ಹೇಳಿತು, ಯಾಕೆ ಹಾಗೆ ಹೇಳಿತು.

1913ರ ಲಾಲ್ಮನ್ ಶುಕ್ಲಾ ಕೇಸು ತೆಗೆದುಕೊಳ್ಳಿ. ಯಜಮಾನರ ಅಣ್ಣತಮ್ಮಂದಿರ ಮನೆಯ ಹುಡುಗ ಕಾಣೆಯಾದ. ಗುಮಾಸ್ತನನ್ನು ಹುಡುಕಲು ಹರಿದ್ವಾರದ ಕಡೆ ಕಳಿಸಿದರು. ಅವನು ಹೋದ ಮೇಲೆ, ಹುಡುಕಿಕೊಟ್ಟವರಿಗೆ 501 ರೂಪಾಯಿ ಅಂತ ಪ್ರಕಟಿಸಿದರು. ಅವನಿಗೆ ಅದು ಗೊತ್ತಿರಲಿಲ್ಲ. ಹುಡುಗ ಸಿಕ್ಕ. ಆಮೇಲೆ ವಿಷಯ ತಿಳಿದು ಬಹುಮಾನ ಕೇಳಿದ. ಅಲಹಾಬಾದ್ ಹೈಕೋರ್ಟ್ ಕೊಡಲಿಲ್ಲ. ಪ್ರಸ್ತಾಪವೇ ಗೊತ್ತಿಲ್ಲದವನು ಅದನ್ನು ಒಪ್ಪಿಕೊಂಡ ಅಂತ ಹೇಗೆ ಹೇಳುವುದು? ಮೇಲಾಗಿ ಹುಡುಕುವುದು ಅವನ ಕೆಲಸವೇ ಆಗಿತ್ತು. ಇಷ್ಟೇ. ಇದನ್ನು ಊಟಕ್ಕೆ ಕೂತಾಗ ತಮ್ಮನಿಗೋ ತಂಗಿಗೋ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ.

ಸಂವಿಧಾನದ ದೊಡ್ಡ ಕೇಸುಗಳ ವಿಷಯದಲ್ಲಿ ಮಾತ್ರ ದುಡುಕಬೇಡಿ. 1973ರ ಕೇಶವಾನಂದ ಭಾರತಿ ತೀರ್ಪು ಅಂದರೆ 13 ನ್ಯಾಯಮೂರ್ತಿಗಳು, 68 ದಿನ ವಾದ, 7ಕ್ಕೆ 6ರ ಬಹುಮತ, ನೂರಾರು ಪುಟ. ಅದನ್ನು ಮೊದಲ ವರ್ಷ ಪೂರ್ತಿ ಓದಲು ಹೋಗಿ ಸೋತು, ಕಾನೂನೇ ನನಗೆ ಒಗ್ಗಲ್ಲ ಅಂದುಕೊಂಡವರನ್ನು ಕಂಡಿದ್ದೇನೆ. ಈಗ ಸಾರಾಂಶ ಓದಿದರೆ ಧಾರಾಳ ಆಯಿತು. ಕೇಸು ಹಾಕಿದ ಕೇಶವಾನಂದ ಭಾರತಿ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ನಮ್ಮ ಯಕ್ಷಗಾನದ ನೆಲದವರು. 1994ರ ಬೊಮ್ಮಾಯಿ ಕೇಸಿನ ಎಸ್.ಆರ್. ಬೊಮ್ಮಾಯಿ ನಮ್ಮ ಮುಖ್ಯಮಂತ್ರಿ ಆಗಿದ್ದವರು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂದ ಕೇಸಿನ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದವರು. ಸಂವಿಧಾನದ ಪುಸ್ತಕ ತೆರೆದಾಗ ಪರಕೀಯ ಅನ್ನಿಸಿದರೆ ಈ ಮೂರು ಕೇಸುಗಳ ಕಥೆಯಿಂದ ಶುರು ಮಾಡಿ.

ಕ್ಲಾಸ್ ತಪ್ಪಿಸಬೇಡಿ

ಇದು ನನಗೇ ಆದದ್ದು. ಟಾರ್ಟ್ಸ್ (ಪರಿಹಾರ ಕೇಳಬಹುದಾದ ಸಿವಿಲ್ ತಪ್ಪುಗಳ ಕಾನೂನು) ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ, ಇಂಜೂರಿಯಾ ಸೈನ್ ಡ್ಯಾಮ್ನೊ ಮತ್ತು ಡ್ಯಾಮ್ನಮ್ ಸೈನ್ ಇಂಜೂರಿಯಾ, ಎರಡಕ್ಕೂ ವ್ಯತ್ಯಾಸ ಕೇಳಿದರು. ನಾನು ಎರಡನ್ನೂ ಅದಲುಬದಲು ಮಾಡಿ ಹೇಳಿದೆ. ಉಚ್ಚಾರವೂ ಸರಿ ಇರಲಿಲ್ಲ. ಕ್ಲಾಸೆಲ್ಲ ನಕ್ಕಿತು. ಮಾರನೇ ದಿನದಿಂದ ಆ ಕ್ಲಾಸಿಗೆ ಹೋಗುವುದನ್ನೇ ಬಿಟ್ಟೆ, ಎರಡು ವಾರಕ್ಕೂ ಜಾಸ್ತಿ. ಲೈಬ್ರರಿಯಲ್ಲಿ ಕೂತಿರುತ್ತಿದ್ದೆ, ಓದುತ್ತಲೂ ಇರಲಿಲ್ಲ. ಸೆಮಿಸ್ಟರ್ ಕೊನೆಗೆ ಹಾಜರಾತಿ ಕಡಿಮೆ ಬಂದು ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಅಂತ ದಿನಗಟ್ಟಲೆ ನಿದ್ದೆಗೆಟ್ಟೆ. ನಗು ಎರಡು ನಿಮಿಷದ್ದು, ಅದರಿಂದ ತಪ್ಪಿಸಿಕೊಳ್ಳಲು ಹೋಗಿ ಅನುಭವಿಸಿದ್ದು ಮೂರು ತಿಂಗಳು.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ 70 ಪರ್ಸೆಂಟ್ ಹಾಜರಾತಿ ಬೇಕು. ಆಫೀಸಿನ ಲೆಕ್ಕ ನಂಬಿ ಕೂರಬೇಡಿ. ಪ್ರತಿ ಶನಿವಾರ ನಿಮ್ಮ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ವಿಷಯವಾರು ಬರೆದುಕೊಳ್ಳಿ: ಎಷ್ಟು ಕ್ಲಾಸ್ ಆಯಿತು, ಎಷ್ಟಕ್ಕೆ ಹೋಗಿದ್ದೀರಿ. ಕೆಲಸ ಮಾಡುತ್ತಾ ಓದುವವರಂತೂ ಇದನ್ನು ಮರೆಯಲೇಬಾರದು.

ಆ ಎರಡು ಲ್ಯಾಟಿನ್ ಮಾತುಗಳನ್ನು ನಾನು ಕೊನೆಗೆ ಹೀಗೆ ಕಲಿತೆ. ಮೊದಲನೆಯದರಲ್ಲಿ ಪೆಟ್ಟು ಹಕ್ಕಿಗೆ, ಜೇಬಿಗಲ್ಲ. 1703ರ ಆಶ್ಬಿ ಮತ್ತು ವೈಟ್ ಕೇಸಿನಲ್ಲಿ ಒಬ್ಬನಿಗೆ ವೋಟು ಹಾಕಲು ಬಿಡಲಿಲ್ಲ, ಅವನಿಗೆ ಕಾಸಿನ ನಷ್ಟ ಆಗಿರಲಿಲ್ಲ, ಆದರೂ ಪರಿಹಾರ ಸಿಕ್ಕಿತು. ಎರಡನೆಯದರಲ್ಲಿ ಪೆಟ್ಟು ಜೇಬಿಗೆ, ಹಕ್ಕಿಗಲ್ಲ. ನಿಮ್ಮ ಕಿರಾಣಿ ಅಂಗಡಿ ಎದುರಿಗೆ ಇನ್ನೊಬ್ಬರು ಅಂಗಡಿ ತೆರೆದು ನಿಮ್ಮ ವ್ಯಾಪಾರ ಬಿದ್ದುಹೋದರೆ ನಷ್ಟ ನಿಜ, ಆದರೆ ಕೇಸು ನಿಲ್ಲುವುದಿಲ್ಲ. ಕ್ಲಾಸಿನಲ್ಲಿ ಎಬ್ಬಿಸಿ ಕೇಳಿದಾಗ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್, ಓದಿಕೊಂಡು ಬಂದು ನಾಳೆ ಹೇಳ್ತೀನಿ" ಅನ್ನಿ. ಮಾರನೇ ದಿನ ಹೋಗಿ ನಿಜವಾಗಿಯೂ ಹೇಳಿ. ಎರಡು ಸಲ ಹೀಗೆ ಮಾಡಿ ನೋಡಿ, ಮೇಷ್ಟ್ರು ನಿಮ್ಮನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ನಿಮ್ಮ ಕ್ಲಾಸಿನಲ್ಲಿ ವಕೀಲರ ಮಕ್ಕಳು ಇರುತ್ತಾರೆ. ಅವರಿಗೆ ರಿಟ್, ಸ್ಟೇ, ಬೇಲ್ ಅನ್ನುವ ಪದಗಳು ಮನೆಯಲ್ಲೇ ಕಿವಿಗೆ ಬಿದ್ದಿರುತ್ತವೆ. ಅದೇ ಬೆಂಚಿನಲ್ಲಿ ಬ್ಯಾಂಕ್ ನೌಕರರು, ನಿವೃತ್ತರಾದವರೂ ಇರಬಹುದು. ಅಂಥ ಹಿರಿಯರ ಜೊತೆ ಸ್ನೇಹ ಮಾಡಿ. ಕಾಗದಪತ್ರ ಓದುವ ಅಭ್ಯಾಸ ಅವರಿಗಿರುತ್ತದೆ, ನಿಮಗೆ ನೆನಪಿನ ಶಕ್ತಿ ಇರುತ್ತದೆ. ಮೂರು ಜನ ಸೇರಿ ವಾರಕ್ಕೊಮ್ಮೆ ಕೂತು, ಒಬ್ಬೊಬ್ಬರು ಎರಡೆರಡು ಕೇಸು ಹೇಳಿದರೆ ತಿಂಗಳಿಗೆ ಇಪ್ಪತ್ನಾಲ್ಕು ಕೇಸು ಆಗುತ್ತದೆ. ಆರು ಜನಕ್ಕಿಂತ ಜಾಸ್ತಿ ಸೇರಿಸಬೇಡಿ, ಅದು ಹರಟೆ ಆಗುತ್ತದೆ.

ಸೀನಿಯರ್‌ಗಳ ಹಳೇ ನೋಟ್ಸ್

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್ ತೆಗೆದುಕೊಳ್ಳುವ ಮುಂಚೆ ಒಂದು ವಿಷಯ ನೋಡಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿ, ಎವಿಡೆನ್ಸ್ ಆ್ಯಕ್ಟ್ ಕೂಡ ಬದಲಾಗಿವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103, ಎಲ್ಲರ ಬಾಯಲ್ಲಿದ್ದ 420 ಈಗ 318(4). ಹಳೇ ನಂಬರ್ ಸತ್ತಿಲ್ಲ, ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಗಳು ಐಪಿಸಿ ಅಡಿಯಲ್ಲೇ ನಡೆಯುತ್ತಿವೆ, ಕೋರ್ಟಿನಲ್ಲಿ ಎರಡೂ ಕೇಳಿಬರುತ್ತವೆ. ಆದರೆ ನೀವು ಎರಡನ್ನೂ ಬಾಯಿಪಾಠ ಮಾಡಬೇಡಿ. ಹೊಸದನ್ನು ಓದಿ, ಹಳೆಯದಕ್ಕೆ ಒಂದು ಪಟ್ಟಿ ಗೋಡೆಗೆ ಅಂಟಿಸಿ.

ಹಳೇ ಪ್ರಶ್ನೆಪತ್ರಿಕೆ ಮಾತ್ರ ಎಷ್ಟು ಸಿಕ್ಕರೂ ತಂದಿಟ್ಟುಕೊಳ್ಳಿ. ಪರೀಕ್ಷೆ 80 ಅಂಕಕ್ಕೆ, ಇಂಟರ್ನಲ್ 20ಕ್ಕೆ. ಐದು ವರ್ಷದ ಪತ್ರಿಕೆ ಎದುರಿಗಿಟ್ಟು ನೋಡಿದರೆ ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಇಂಟರ್ನಲ್‌ನ 20 ಅಂಕವನ್ನು ಸೆಮಿನಾರ್ ಭಯಕ್ಕೆ ಬಿಟ್ಟುಕೊಡಬೇಡಿ. ಎನ್‌ರೋಲ್‌ಮೆಂಟ್, ವಕೀಲಿಕೆ ಮಾಡಲು ಪಾಸಾಗಬೇಕಾದ ಎಐಬಿಇ ಪರೀಕ್ಷೆ, ಜಡ್ಜ್ ಆಗುವುದು, ಇವುಗಳ ಚಿಂತೆ ಕೊನೆಯ ವರ್ಷಕ್ಕೆ ಇರಲಿ. ಸ್ಕಾಲರ್‌ಶಿಪ್ ಅರ್ಜಿ ಮಾತ್ರ ಈಗಲೇ ಹಾಕಿ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ತೆರೆದ ವಾರದಲ್ಲೇ.

ಊರಿಗೆ ಹೋದಾಗ

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಇದು ನಿಜವಾದ ಒತ್ತಡ. ಲಾ ಸೇರಿದ್ದು ಗೊತ್ತಾದ ಕೂಡಲೇ ದೊಡ್ಡಪ್ಪ ಪಹಣಿ ಹಿಡಿದು ಬರುತ್ತಾರೆ. ಅತ್ತೆ ಪಾಲಿನ ವಿಷಯ ಎತ್ತುತ್ತಾರೆ. "ಏನಮ್ಮಾ, ಲಾಯರ್ ಆಗ್ತಿದ್ದೀಯ, ಇಷ್ಟೂ ಗೊತ್ತಿಲ್ವಾ?" ಅನ್ನುತ್ತಾರೆ. ಮರ್ಯಾದೆ ಹೋಗುತ್ತದೆ ಅಂತ ತೋಚಿದ್ದು ಹೇಳಬೇಡಿ. ನಿಮ್ಮ ಮಾತು ನಂಬಿ ಅವರು ಗಡುವು ತಪ್ಪಿಸಿಕೊಂಡರೆ ಆ ಭಾರ ನಿಮ್ಮ ಮನಸ್ಸಿನಲ್ಲಿ ಉಳಿದುಬಿಡುತ್ತದೆ. "ನಾನಿನ್ನೂ ಓದ್ತಾ ಇದ್ದೀನಿ ದೊಡ್ಡಪ್ಪ, ಹೇಳೋ ಅಧಿಕಾರ ನನಗೆ ಬಂದಿಲ್ಲ, ಆದರೆ ಎಲ್ಲಿಗೆ ಹೋಗಬೇಕು ಅಂತ ಹೇಳ್ತೀನಿ" ಅನ್ನಿ. ಹೋಗಬೇಕಾದ ಜಾಗ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಕಚೇರಿ. ಕೋರ್ಟ್ ಆವರಣದಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಈ ಒಂದು ಮಾಹಿತಿಯಿಂದ ಅತ್ತೆಗೆ ನೀವು ಮಾಡುವ ಉಪಕಾರ ದೊಡ್ಡದು.

ಮನಸ್ಸು ತೀರಾ ಕುಸಿದರೆ

ಪರೀಕ್ಷೆ ಹತ್ತಿರ ಎರಡು ದಿನ ನಿದ್ದೆ ಬರದಿರುವುದು ಬೇರೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾರ ಜೊತೆಗೂ ಮಾತು ಬೇಡ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಬೇರೆ. ಆಗ ಓದಿನ ಟೈಮ್‌ಟೇಬಲ್ ಸರಿಮಾಡಲು ಹೋಗಬೇಡಿ, ಸಹಾಯ ಕೇಳಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರೂಮ್‌ಮೇಟ್ ಹೀಗೆ ಆಗಿದ್ದಾರೆ ಅನ್ನಿಸಿದರೆ ಒಬ್ಬರನ್ನೇ ಬಿಡಬೇಡಿ, ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿಕೊಡಿ.

ಒಂದು ಬೆಳಿಗ್ಗೆ ಕೋರ್ಟಿಗೆ ಹೋಗಿ ಬನ್ನಿ

ಪುಸ್ತಕ ಹಿಡಿದು ಸಾಕಾಗಿದೆ ಅನ್ನಿಸಿದ ವಾರ, ಕ್ಲಾಸಿಲ್ಲದ ಒಂದು ದಿನ ನೋಡಿ ನಿಮ್ಮ ಊರಿನ ಕೋರ್ಟಿಗೆ ಹೋಗಿ. ಹೈಕೋರ್ಟ್ ಆಮೇಲೆ, ಅದರ ಕಲಾಪವನ್ನು ಯೂಟ್ಯೂಬಿನಲ್ಲೂ ನೋಡಬಹುದು. ಮೊದಲು ತಾಲ್ಲೂಕು ಕೋರ್ಟ್. ಕೆಲವು ಸೂಕ್ಷ್ಮ ಕೇಸುಗಳನ್ನು ಬಿಟ್ಟರೆ ಕಲಾಪ ಎಲ್ಲರಿಗೂ ತೆರೆದಿರುತ್ತದೆ. ಯಾರ ಅನುಮತಿಯೂ ಬೇಕಿಲ್ಲ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಫೋನ್ ಆಫ್ ಮಾಡಿ, ಹಿಂದಿನ ಸಾಲಿನಲ್ಲಿ ಕೂರಿ. ವಕೀಲರ ಬ್ಯಾಂಡು, ಗೌನು ಹಾಕಬಾರದು, ಸಾದಾ ಬಟ್ಟೆ ಸಾಕು. ಅವತ್ತಿನ ಕೇಸುಗಳ ಪಟ್ಟಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಗುತ್ತದೆ.

ಪಾಟಿ ಸವಾಲು ನಡೆಯುವ ಕೇಸು ಸಿಕ್ಕರೆ ಅಲ್ಲೇ ಕೂತುಬಿಡಿ. ನಾನು ಮೊದಲ ಸಲ ಹೋದಾಗ ಒಬ್ಬ ಅಜ್ಜಿ ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದರು. ಬದುವಿನ ಮೇಲಿನ ಹುಣಸೆ ಮರ ಯಾರದು ಅನ್ನುವ ಜಗಳ. ಮರ ನೆಟ್ಟಿದ್ದು ಯಾವಾಗ ಅಂತ ವಕೀಲರು ಕೇಳಿದರೆ, ಅಜ್ಜಿ "ನನ್ನ ದೊಡ್ಡ ಮಗ ಅಂಬೆಗಾಲು ಇಡ್ತಿದ್ದ ವರ್ಷ" ಅಂದರು. ವಕೀಲರು ಮಗನ ವಯಸ್ಸು ಕೇಳಿದರು. ಜಡ್ಜ್ ಸಾಹೇಬರು ಅದನ್ನು ಟೈಪ್ ಮಾಡಿಸಿದರು. ಎರಡು ಗಂಟೆ ಕೂತಿದ್ದೆ, ಒಂದೇ ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲ.

ಸಣ್ಣ ನೋಟ್‌ಬುಕ್, ಪೆನ್ನು, ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಮಧ್ಯಾಹ್ನ ಊಟದ ವಿರಾಮಕ್ಕೆ ಎಲ್ಲರೂ ಏಳುವವರೆಗೆ ಕೂತಿರಿ.